ಓವರಿ ಗಡ್ಡೆ ಅಂತ ಆಪರೇಷನ್‌ಗೆ ಒಯ್ದರು, ಗಡ್ಡೆ ಮುಟ್ಟದೆ ಹೊಲಿಗೆ ಹಾಕಿ ಕಳಿಸಿದರು. ಇದು ಸರಿನಾ?

ತುಂಗೆಯ_ದಡ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಅಕ್ಕನ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಕ್ಕನಿಗೆ 38 ವರ್ಷ, ಇಬ್ಬರು ಮಕ್ಕಳು. ಕಾಯಿಲೆ ಅಂತ ಏನೂ ಇರಲಿಲ್ಲ. ಎರಡು ತಿಂಗಳ ಹಿಂದೆ ಪಕ್ಕೆ ನೋವು ಬಂತು, ಕಿಡ್ನಿ ಕಲ್ಲಿರಬಹುದು ಅಂತ ಸ್ಕ್ಯಾನಿಂಗ್ ಮಾಡಿಸಿದೆವು. ಕಲ್ಲು ಇರಲಿಲ್ಲ. ಆದರೆ ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಹಿಂದೆ 6 ಸೆಂಟಿಮೀಟರಿನ ಗಡ್ಡೆ ಕಂಡಿತು. ರಿಪೋರ್ಟಿನಲ್ಲಿ ಎಡಗಡೆ ಓವರಿಯ ಸಿಸ್ಟ್ ಇರಬಹುದು ಅಂತ ಬರೆದಿದ್ದರು. ಓವರಿ ಕ್ಯಾನ್ಸರಿನ ಸುಳಿವಿಗೆ ಮಾಡುವ ಸಿಎ-125 ರಕ್ತ ಪರೀಕ್ಷೆ ನಾರ್ಮಲ್ ಬಂತು. ಇಲ್ಲಿನ ಒಬ್ಬ ಲೇಡಿ ಡಾಕ್ಟರ್ ಲ್ಯಾಪ್ರೋಸ್ಕೋಪಿ ಮಾಡಿ ತೆಗೆಯೋಣ ಅಂದರು.

ಮೊನ್ನೆ ಗುರುವಾರ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಎರಡು ಗಂಟೆ ಆಗುತ್ತದೆ ಅಂದಿದ್ದವರು ನಲವತ್ತೇ ನಿಮಿಷಕ್ಕೆ ಹೊರಗೆ ಬಂದರು. ಎರಡೂ ಓವರಿ ಚೆನ್ನಾಗಿವೆ, ಗಡ್ಡೆ ಅಲ್ಲಿ ಇಲ್ಲ, ದೊಡ್ಡ ಕರುಳಿನ ಕೊನೆ ಭಾಗದ ಹಿಂದೆ, ಮೂಳೆಯ ಮುಂದೆ ಕೂತಿದೆ, ನಾನು ಮುಟ್ಟಲಿಲ್ಲ, ಫೋಟೋ ತೆಗೆದಿದ್ದೇನೆ, ಎಂಆರ್‌ಐ ಮಾಡಿಸಿ ಇದನ್ನೇ ಮಾಡುವವರ ಹತ್ತಿರ ಹೋಗಿ ಅಂದರು. ಭಾವನಿಗೆ ತುಂಬಾ ಸಿಟ್ಟು ಬಂತು. ಮಂಪರು ಕೊಟ್ಟು, ಹೊಟ್ಟೆಗೆ ಮೂರು ತೂತು ಹಾಕಿ, ಬಿಲ್ಲೂ ಕಟ್ಟಿಸಿಕೊಂಡು, ಗಡ್ಡೆ ಅಲ್ಲೇ ಬಿಟ್ಟರಲ್ಲ ಅಂತ. ಅಮ್ಮ ಅಳುತ್ತಿದ್ದಾರೆ. ಒಳಗೆ ಹೋದ ಮೇಲೆ ತೆಗೆದುಬಿಡಬಹುದಿತ್ತು ಅಲ್ವಾ? ಡಾಕ್ಟರ್ ತಪ್ಪು ಮಾಡಿದರಾ? ಗೊತ್ತಿರುವವರು ಹೇಳಿ.

ಬೆಣ್ಣೆದೋಸೆ_ಊರು:
ತೆಗೆಯದೆ ಬಿಟ್ಟಿದ್ದೇ ಒಳ್ಳೆಯದಾಯಿತು ಅಕ್ಕಾ. ನನಗೆ ಇದೇ ಜಾಗದ ಗಡ್ಡೆ ಇತ್ತು. ರಾತ್ರಿ ಬರೆಯುತ್ತೇನೆ, ಈಗ ಅಂಗಡಿಯಲ್ಲಿದ್ದೇನೆ.

ನಿವೃತ್ತ_ಸರ್ಜನ್_ಮೈಸೂರು:
ನೋಡಮ್ಮ, ಆ ಡಾಕ್ಟರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ಮಾಡಿದ್ದು ಸರಿ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಆಪರೇಷನ್ ಮಾಡಿದವನು. ಒಳಗೆ ಹೋದ ಮೇಲೆ ಕೈ ತಡೆಯುವುದು ಕತ್ತರಿ ಹಿಡಿಯುವುದಕ್ಕಿಂತ ಕಷ್ಟ. ಹೊರಗೆ ಮನೆಯವರು ಕಾಯುತ್ತಿರುತ್ತಾರೆ, ಬರಿಗೈಲಿ ಹೋದರೆ ಏನು ಹೇಳಬೇಕು ಅನ್ನುವ ಒತ್ತಡ ನಮಗೂ ಇರುತ್ತದೆ. ಅದನ್ನು ಮೀರಿ ಅವರು ನಿಲ್ಲಿಸಿದ್ದಾರೆ.

ಸ್ಕ್ಯಾನಿಂಗಿನಲ್ಲಿ ತಪ್ಪಾಗಿದೆ, ನಿಜ. ಆದರೆ ಈ ತಪ್ಪು ಸುಲಭವಾಗಿ ಆಗುತ್ತದೆ. ಹೊಟ್ಟೆ ಮೇಲಿಂದ ನೋಡುವಾಗ ಗರ್ಭಕೋಶದ ಹಿಂದಿರುವುದೆಲ್ಲ ಓವರಿಯ ಹಾಗೇ ಕಾಣುತ್ತದೆ. ಈ ಗಡ್ಡೆಗಳು ಅಪರೂಪ ಬೇರೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಹಳೆಯ ಲೆಕ್ಕದ ಪ್ರಕಾರ ಆಸ್ಪತ್ರೆಗೆ ದಾಖಲಾಗುವ ಸುಮಾರು 40,000 ಜನರಲ್ಲಿ ಒಬ್ಬರಿಗೆ ಸಿಗುತ್ತದೆ. ಜಿಲ್ಲಾ ಮಟ್ಟದ ಡಾಕ್ಟರ್ ಇಡೀ ಸರ್ವಿಸಿನಲ್ಲಿ ಒಂದನ್ನೂ ನೋಡದೆ ಇರಬಹುದು.

ಆ ಜಾಗ ಎಂಥದು ಅಂತ ಹೇಳುತ್ತೇನೆ. ಹಿಂದೆ ಬೆನ್ನುಮೂಳೆಯ ಕೊನೆಯ ಅಗಲ ಮೂಳೆ, ಅದನ್ನು ನಾವು ಸೇಕ್ರಮ್ ಅನ್ನುತ್ತೇವೆ. ಅದರ ತುದಿಗೆ ಬಾಲಮೂಳೆ. ಮುಂದೆ ರೆಕ್ಟಮ್, ಅಂದರೆ ಮಲ ನಿಲ್ಲುವ ಕರುಳು. ಕೆಳಗೆ ಮಲ ಹಿಡಿದಿಡುವ ಸ್ನಾಯುಗಳು. ಇವುಗಳ ನಡುವೆ ಒಂದು ಸಣ್ಣ ಸಂದಿ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕರುಳು, ನರ, ಮೂಳೆ, ಚರ್ಮ ಎಲ್ಲಾ ಅಲ್ಲೇ ಸೇರುತ್ತವೆ. ಹಾಗಾಗಿ ಅಲ್ಲಿ ಉಳಿದ ಚೂರುಗಳಿಂದ ಬಗೆಬಗೆಯ ಗಡ್ಡೆ ಆಗಬಹುದು. ಮೊದಲ ಎಂಟು ವಾರದೊಳಗೆ ಸ್ವಲ್ಪ ಕಾಲ ನಮಗೆಲ್ಲ ಚಿಕ್ಕ ಬಾಲ ಇರುತ್ತದೆ, ಅದರೊಳಗೂ ಒಂದು ಎಳೆ ಕರುಳು. ಆಮೇಲೆ ಅದು ಕರಗಿ ಹೋಗುತ್ತದೆ. ಒಂದು ತುಣುಕು ಉಳಿದರೆ ಅದೇ ದೊಡ್ಡವರಾದ ಮೇಲೆ ಲೋಳೆ ತುಂಬಿದ ಸಿಸ್ಟ್ ಆಗುತ್ತದೆ. ಅದಕ್ಕೆ ಟೇಲ್‌ಗಟ್ ಸಿಸ್ಟ್ ಅಂತ ಹೆಸರು. ಹೆಂಗಸರಲ್ಲೇ ಜಾಸ್ತಿ. ಅರ್ಧದಷ್ಟು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ, ಬೇರೆ ಏನಕ್ಕೋ ಸ್ಕ್ಯಾನ್ ಮಾಡಿದಾಗ ಸಿಗುತ್ತದೆ, ನಿಮ್ಮ ಅಕ್ಕನಿಗೆ ಆದ ಹಾಗೆ.

ಸಿದ್ಧತೆ ಇಲ್ಲದೆ ಅಲ್ಲಿ ಕೈ ಹಾಕಿದರೆ ಏನಾಗುತ್ತದೆ ಗೊತ್ತಾ? ಮೂಳೆಯ ಮುಂದೆ ರಕ್ತನಾಳಗಳ ಒಂದು ಬಲೆಯೇ ಇದೆ. ಅದು ಹರಿದರೆ ರಕ್ತ ನಿಲ್ಲಿಸಲು ಬಟ್ಟೆ ತುರುಕಿ ಒತ್ತಿ ಹಿಡಿಯಬೇಕು, ಕೆಲವು ಸಲ ಮೂಳೆಗೆ ಮೊಳೆ ಹೊಡೆದು ನಿಲ್ಲಿಸಬೇಕಾಗುತ್ತದೆ. ಮೂಳೆಯ ತೂತುಗಳಿಂದ ಬರುವ ನರಗಳು ಮಲ, ಮೂತ್ರದ ಹಿಡಿತ ನೋಡಿಕೊಳ್ಳುತ್ತವೆ. ಎರಡೂ ಕಡೆಯವು ಹೋದರೆ ಜೀವನಪೂರ್ತಿ ತೊಂದರೆ. ಒಂದು ಕಡೆಯವು ಪೂರ್ತಿ ಉಳಿದರೆ ಹಿಡಿತ ಬಹುಮಟ್ಟಿಗೆ ಉಳಿಯುತ್ತದೆ. ಕರುಳು ಹರಿದರೆ ಹೊಟ್ಟೆಗೆ ಮಲದ ಚೀಲ ಇಡಬೇಕಾಗಬಹುದು, ಅದಕ್ಕೆ ನಿಮ್ಮ ಅಕ್ಕನ ಒಪ್ಪಿಗೆಯನ್ನೇ ಯಾರೂ ಕೇಳಿರಲಿಲ್ಲ. ಇನ್ನೊಂದು ಮಾತು, ಸಿಸ್ಟನ್ನು ಅರ್ಧ ತೆಗೆದು ಗೋಡೆ ಉಳಿಸಿದರೆ ಅದು ಮತ್ತೆ ಬೆಳೆಯುತ್ತದೆ, ಎರಡನೇ ಸಲ ತೆಗೆಯುವುದು ಎರಡರಷ್ಟು ಕಷ್ಟ. ಮೊದಲನೇ ಆಪರೇಷನ್ನೇ ಒಳ್ಳೆಯ ಅವಕಾಶ. ಆ ಅವಕಾಶವನ್ನು ಆ ಡಾಕ್ಟರಮ್ಮ ನಿಮಗೆ ಉಳಿಸಿಕೊಟ್ಟಿದ್ದಾರೆ.

ಬೆಣ್ಣೆದೋಸೆ_ಊರು:
ಹೇಳಿದ ಹಾಗೆ ಬಂದೆ. ನನ್ನ ಕಥೆ ನಾಚಿಕೆ ಬಿಟ್ಟು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

29ನೇ ವಯಸ್ಸಿನಲ್ಲಿ ಕೂರುವ ಜಾಗದ ಹತ್ತಿರ ಕೀವಿನ ಗುಳ್ಳೆ ಆಯಿತು. ಕೊಯ್ದು ಕೀವು ತೆಗೆದರು. ಆರು ತಿಂಗಳಿಗೆ ಮತ್ತೆ. ಫಿಸ್ಟುಲಾ, ಅಂದರೆ ಕೀವು ಹೊರಗೆ ಬರುವ ಸುರಂಗದಂಥ ದಾರಿ ಅಂದರು, ಆಪರೇಷನ್ ಆಯಿತು. ಮತ್ತೆ ಬಂತು. ಮೂರು ವರ್ಷದಲ್ಲಿ ನಾಲ್ಕು ಸಲ ಕೊಯ್ಯಿಸಿಕೊಂಡೆ, ಮೂರು ಬೇರೆ ಬೇರೆ ಆಸ್ಪತ್ರೆಗಳಲ್ಲಿ. ನಡುವೆ ನಾಟಿ ಔಷಧಿ, ಕ್ಷಾರಸೂತ್ರ (ಆಯುರ್ವೇದದ ಔಷಧಿ ದಾರ) ಎಲ್ಲಾ ನೋಡಿದೆ. ಐದನೇ ಡಾಕ್ಟರ್ ಬೆರಳು ಹಾಕಿ ಪರೀಕ್ಷೆ ಮಾಡಿ ಹಿಂದಿನ ಗೋಡೆಯಲ್ಲಿ ಉಬ್ಬಿದೆಯಲ್ಲ ಅಂದರು. ಎಂಆರ್‌ಐ ಮಾಡಿದರೆ ಬಾಲಮೂಳೆಯ ಮುಂದೆ ಸಿಸ್ಟ್! ಅದಕ್ಕೆ ಸೋಂಕು ತಗುಲಿ ಕೀವು ಹೊರಗೆ ದಾರಿ ಮಾಡಿಕೊಂಡಿತ್ತು. ಎಲ್ಲರೂ ಆ ದಾರಿಯನ್ನೇ ಕೊಯ್ಯುತ್ತಿದ್ದರು, ಬುಡ ಯಾರೂ ನೋಡಲಿಲ್ಲ.

ಕೊನೆಗೆ ಬೆಂಗಳೂರಲ್ಲಿ ತೆಗೆದರು. ಹಳೆಯ ಗಾಯಗಳಿಂದ ಎಲ್ಲಾ ಅಂಟಿಕೊಂಡಿತ್ತು, ಐದು ಗಂಟೆ ಹಿಡಿಯಿತು. ಹೊಲಿಗೆ ಬಿಚ್ಚಿಕೊಂಡು ಆರು ವಾರ ಡ್ರೆಸ್ಸಿಂಗ್. ಮೊದಲೇ ಗೊತ್ತಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಪದೇ ಪದೇ ಬರುವ ಫಿಸ್ಟುಲಾ ಆಗಿದ್ದರೆ ಎಂಆರ್‌ಐ ಕೇಳಿ. ನಾಚಿಕೆಪಟ್ಟು ಸುಮ್ನೆ ಇರಬೇಡಿ. ನಾನು ಹೆಂಡತಿಗೂ ಹೇಳದೆ ಒಂದು ವರ್ಷ ಕಳೆದಿದ್ದೆ.

ಹುಬ್ಬಳ್ಳಿ_ಮಂದಿ:
ಒಂದು ಪ್ರಶ್ನೆ. ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಮೊದಲೇ ಗೊತ್ತಾಗುತ್ತದಲ್ಲ? ಲೇಡಿ ಡಾಕ್ಟರ್ ಒಳಗೆ ಹೋದಾಗ ಒಂದು ಚೂರಾದರೂ ತೆಗೆಯಬಹುದಿತ್ತು.

ರೇಡಿಯಾಲಜಿ_ಪಿಜಿ:
ಸರ್, ಈ ಪ್ರಶ್ನೆ ವಾರ್ಡಿನಲ್ಲಿ ದಿನಾ ಕೇಳುತ್ತಾರೆ. ಬೇರೆ ಕಡೆಯ ಗಡ್ಡೆಗೆ ಅದು ಸರಿ. ಇಲ್ಲಿ ಮೊದಲು ಎಂಆರ್‌ಐ, ಸೂಜಿ ಆಮೇಲೆ, ಅದೂ ಬೇಕಾದರೆ ಮಾತ್ರ.

ಯಾಕೆ ಅಂದರೆ ಅಲ್ಲಿ ಕಾಣುವ ನೀರುಗುಳ್ಳೆ ಕೆಲವು ಸಲ ಗಡ್ಡೆಯೇ ಅಲ್ಲ. ಬೆನ್ನುಹುರಿಯ ಸುತ್ತಲಿನ ಪೊರೆ ಮೂಳೆಯ ತೂತಿನಿಂದ ಮುಂದಕ್ಕೆ ಉಬ್ಬಿರುತ್ತದೆ, ಒಳಗಿರುವುದು ಮೆದುಳಿನ ನೀರು. ಅದಕ್ಕೆ ಕರುಳಿನ ಕಡೆಯಿಂದ ಸೂಜಿ ಹಾಕಿದರೆ ಮಲದ ಕ್ರಿಮಿ ನೇರ ಮೆದುಳಿನ ಪೊರೆಗೆ ಹೋಗುತ್ತದೆ. ಮೆನಿಂಜೈಟಿಸ್ ಆಗಿ ಜೀವಕ್ಕೇ ಅಪಾಯ. ಇಂಥವರಲ್ಲಿ ಕೆಲವರು ಮಲಕ್ಕೆ ಮುಕ್ಕಿದಾಗ ತಲೆನೋವು ಬರುತ್ತದೆ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆಯ ಒಂದು ಬದಿ ಕುಡುಗೋಲಿನ ಹಾಗೆ ಬಾಗಿರುತ್ತದೆ. ಹುಟ್ಟಿದಾಗಲೇ ಮಲದ್ವಾರದ ತೊಂದರೆ, ಮೂಳೆಯ ಕೊರತೆ, ಅದರ ಮುಂದೊಂದು ಗಡ್ಡೆ ಈ ಮೂರೂ ಸೇರಿದರೆ ಕುರಾರಿನೋ ಅಂತ ಕರೆಯುತ್ತಾರೆ, 1981ರಲ್ಲಿ ವಿವರಿಸಿದ್ದು. ಮನೆಯಲ್ಲಿ ಬೇರೆಯವರಿಗೂ ಇರಬಹುದು, ಅದನ್ನು ಕೇಳಲೇಬೇಕು.

ಮೃದುವಾದ ಸಿಸ್ಟಿಗೆ ಸೂಜಿ ಹಾಕಿದರೆ ಇನ್ನೊಂದು ಕಷ್ಟ. ಕೀವಾಗಬಹುದು, ಬೆಣ್ಣೆದೋಸೆ ಊರಿನ ಅಣ್ಣ ಹೇಳಿದ ಹಾಗೆ ಎಲ್ಲಾ ಅಂಟಿಕೊಳ್ಳಬಹುದು. ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಕ್ಯಾನ್ಸರ್ ಇದ್ದರೆ ಸೂಜಿ ಅದನ್ನು ತಪ್ಪಿಸಲೂಬಹುದು, ಹರಡಲೂಬಹುದು.

ಗಟ್ಟಿ ಗಡ್ಡೆಯಾದರೆ ಮಾತು ಬೇರೆ. ಮೂಳೆ ತಿನ್ನುತ್ತಿದ್ದರೆ ಕೊರ್ಡೋಮಾ ಇರಬಹುದು, ಆ ಜಾಗದ ಕ್ಯಾನ್ಸರುಗಳಲ್ಲಿ ಜಾಸ್ತಿ ಸಿಗುವುದು ಅದೇ. ಆಗ ಬಯಾಪ್ಸಿ ಬೇಕು. ಆದರೆ ಬೆನ್ನ ಕಡೆಯಿಂದ, ಮುಂದೆ ಆಪರೇಷನ್ ಮಾಡುವ ಸರ್ಜನ್ ಜೊತೆ ಮಾತಾಡಿ, ಅವರು ಕೊಯ್ಯುವ ಗೆರೆಯಲ್ಲೇ ಸೂಜಿ ಹಾಕಬೇಕು. ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯುತ್ತಾರೆ. ಮಲದ್ವಾರದೊಳಗಿಂದ, ಯೋನಿಯೊಳಗಿಂದ ಹಾಕಬಾರದು.

ಸೇರಿಸಬೇಕಾದ ಮಾತು ಒಂದಿದೆ. ಪೆಲ್ವಿಸ್ಸಿನಲ್ಲಿ, ಅಂದರೆ ಕಿಬ್ಬೊಟ್ಟೆಯಲ್ಲಿ, ಗಡ್ಡೆ ಅಂದ ತಕ್ಷಣ ಎರಡೂ ಕಿಡ್ನಿ ತಮ್ಮ ಜಾಗದಲ್ಲಿ ಇವೆಯಾ ಅಂತ ನೋಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಒಂದು ಕಿಡ್ನಿ ಮೇಲೆ ಹೋಗದೆ ಕಿಬ್ಬೊಟ್ಟೆಯಲ್ಲೇ ಉಳಿದಿರುತ್ತದೆ. ನಾನು ಓದಿದ ಕಡೆ ಒಬ್ಬ ಹೆಂಗಸು 'ಗಡ್ಡೆ ತೆಗೆಯಲು' ಅಂತ ಚೀಟಿ ಹಿಡಿದು ಬಂದಿದ್ದರು. ಅದು ಅವರ ಕಿಡ್ನಿಯಾಗಿತ್ತು. ಅವತ್ತಿನಿಂದ ನಾನು ಯಾವ ಸ್ಕ್ಯಾನ್ ಮಾಡಿದರೂ ಕಿಡ್ನಿ ಎಣಿಸದೆ ರಿಪೋರ್ಟ್ ಬರೆಯುವುದಿಲ್ಲ.

ಓಟಿ_ಸಿಸ್ಟರ್:
ಆಪರೇಷನ್ ನಿಲ್ಲಿಸಿದ ಇನ್ನೊಂದು ದಿನ ನನಗೆ ಮರೆಯಲು ಆಗುವುದಿಲ್ಲ. ಮೂತ್ರಚೀಲದ ಗೋಡೆಯ ಹತ್ತಿರ ಸಣ್ಣ ಗಂಟು, ಹರ್ನಿಯಾಗೆ ಸ್ಕ್ಯಾನ್ ಮಾಡಿದಾಗ ಸಿಕ್ಕಿದ್ದು. ಸರ್ಜನ್ ಅದನ್ನು ಮುಟ್ಟಿದರು, ಬಿಪಿ 130 ಇದ್ದದ್ದು 240ಕ್ಕೆ ಹೋಯಿತು. ಕೈ ತೆಗೆದರೆ ಇಳಿಯಿತು. ಅನಸ್ತೇಷಿಯಾ ಡಾಕ್ಟರ್ ನಿಲ್ಲಿಸಿ ಅಂತ ಕೂಗಿದರು. ನಿಲ್ಲಿಸಿದೆವು. ಎಚ್ಚರ ಆದ ಮೇಲೆ ಆ ಯಜಮಾನರನ್ನು ಕೂರಿಸಿಕೊಂಡು ಕೇಳಿದರೆ, ಹೌದು ಸಿಸ್ಟರ್, ಒಂದೆರಡು ವರ್ಷದಿಂದ ಮೂತ್ರ ಹೊಯ್ದಾಗೆಲ್ಲ ತಲೆ ಸಿಡಿಯುತ್ತದೆ, ಎದೆ ಢವಢವ ಅನ್ನುತ್ತದೆ, ಮೈ ಬೆವರುತ್ತದೆ ಅಂದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಪ್ಯಾರಾಗ್ಯಾಂಗ್ಲಿಯೋಮಾ ಅಂತ ಅದು. ಅಡ್ರಿನಲಿನ್ ತರಹದ ಹಾರ್ಮೋನ್ ಸುರಿಸುವ ಗಂಟು. ರಕ್ತ ಮೂತ್ರದ ಪರೀಕ್ಷೆಯಲ್ಲಿ ಮೊದಲೇ ಗೊತ್ತಾಗುತ್ತದೆ. ಎರಡು ವಾರ ಬಿಪಿ ಹತೋಟಿಗೆ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು, ಆಮೇಲೆ ಅದೇ ಆಪರೇಷನ್ ಸಲೀಸಾಗಿ ಮುಗಿಯಿತು. ಆ ದಿನ ನಿಲ್ಲಿಸದಿದ್ದರೆ ಅವರು ಟೇಬಲ್ ಮೇಲೇ ಹೋಗುತ್ತಿದ್ದರು. ಹಾಗಾಗಿ ತುಂಗೆಯ ದಡ ಅವರೇ, ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ.

ಕಡಲತಡಿ:
ನನ್ನದು ಉಲ್ಟಾ. ಬೆನ್ನುನೋವಿಗೆ ಎಂಆರ್‌ಐ ಮಾಡಿಸಿದಾಗ ಸೇಕ್ರಮ್ ಮುಂದೆ 3 ಸೆಂಟಿಮೀಟರ್ ಶ್ವಾನೋಮಾ ಅಂತ ಬಂತು. ನರದ ಹೊದಿಕೆಯ ಗಡ್ಡೆ. ಮಂಗಳೂರಿನ ಡಾಕ್ಟರ್ ತೆಗೆಯುವುದು ಬೇಡ, ವರ್ಷಕ್ಕೊಮ್ಮೆ ನೋಡೋಣ ಅಂದಿದ್ದಾರೆ. ಎರಡು ವರ್ಷ ಆಯಿತು, ಬೆಳೆದಿಲ್ಲ. ಆದರೂ ರಾತ್ರಿ ನಿದ್ದೆ ಬರುವುದಿಲ್ಲ. ಮೈಯೊಳಗೆ ಗಡ್ಡೆ ಇಟ್ಟುಕೊಂಡು ಹೇಗೆ ಇರುವುದು?

ನಿವೃತ್ತ_ಸರ್ಜನ್_ಮೈಸೂರು:
ನಿಮ್ಮ ಡಾಕ್ಟರ್ ಹೇಳಿದ್ದು ಒಪ್ಪುವಂಥದ್ದೇ. ಶ್ವಾನೋಮಾ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಸಣ್ಣದು, ಗಡ್ಡೆಯಿಂದ ನೋವಿಲ್ಲ, ಬೆಳೆಯುತ್ತಿಲ್ಲ, ಚಿತ್ರದಲ್ಲಿ ಸ್ಪಷ್ಟವಾಗಿದೆ ಅಂದರೆ ಕಾಯಬಹುದು. ತೆಗೆಯಲು ಹೋದರೆ ಇರುವ ನರಕ್ಕೇ ಪೆಟ್ಟು ಬೀಳಬಹುದು. ಕಾಲಿಗೆ ಜೋಮು, ಮೂತ್ರ ಕಟ್ಟುವುದು, ಮಲ ತಡೆಯಲಾಗದ ಹಾಗೆ ಆಗುವುದು ಇವುಗಳಲ್ಲಿ ಏನಾದರೂ ಶುರುವಾದರೆ ಮುಂದಿನ ಎಂಆರ್‌ಐ ತಾರೀಖಿಗೆ ಕಾಯಬೇಡಿ, ತಕ್ಷಣ ಹೋಗಿ. ತೆಗೆಯುವ ದಿನ ಬಂದರೂ ಹೊದಿಕೆಯನ್ನು ಉದ್ದಕ್ಕೆ ಸೀಳಿ ಒಳಗಿನ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ನರ ಉಳಿಸುತ್ತಾರೆ.

ಸಿಸ್ಟಿಗೆ ಈ ಮಾತು ಹೊಂದುವುದಿಲ್ಲ. ಅದಕ್ಕೆ ಸೋಂಕು ಬರುತ್ತದೆ, ಕೆಲವು ಸಲ ಕ್ಯಾನ್ಸರಿಗೂ ತಿರುಗುತ್ತದೆ. ಮೈ ಗಟ್ಟಿಯಿರುವವರಿಗೆ ತೊಂದರೆ ಇಲ್ಲದಿದ್ದರೂ ತೆಗೆಸಿ ಅಂತಲೇ ನಾನು ಹೇಳುತ್ತಿದ್ದೆ. ಅವಸರವಿಲ್ಲ, ಅಷ್ಟೇ. ಒಂದೆರಡು ತಿಂಗಳು ತಡವಾದರೆ ನಷ್ಟವಿಲ್ಲ, ಸರಿಯಾದ ಕೈಗೆ ಹೋಗಬೇಕು.

ನಿದ್ದೆಯ ವಿಷಯ ಡಾಕ್ಟರಿಗೆ ಹೇಳಿ. ಅದೂ ಕಾಯಿಲೆಯ ಭಾಗವೇ.

ಹುಬ್ಬಳ್ಳಿ_ಮಂದಿ:
ಬಯಾಪ್ಸಿ ಬಗ್ಗೆ ಅರ್ಥ ಆಯಿತು, ಥ್ಯಾಂಕ್ಸ್. ನಾನು ಕೇಳಿದ್ದಕ್ಕೆ ಕಾರಣ ಇತ್ತು. ನಮ್ಮ ಅಪ್ಪನಿಗೆ ರೆಕ್ಟಮ್ಮಿನ ಗೋಡೆಯಲ್ಲಿ ಗಟ್ಟಿ ಗಡ್ಡೆ ಇತ್ತು, ಪ್ರಾಸ್ಟೇಟ್ ಪರೀಕ್ಷೆಗೆ ಹೋದಾಗ ಬೆರಳಿಗೆ ಸಿಕ್ಕಿದ್ದು. ಅವರಿಗೆ ಬಯಾಪ್ಸಿ ಮಾಡಿ ಜಿಸ್ಟ್, ಅಂದರೆ ಕರುಳಿನ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ, ಅಂತ ಹೇಳಿದರು. ನೇರ ಆಪರೇಷನ್ ಮಾಡಿದರೆ ಮಲದ್ವಾರವನ್ನೇ ತೆಗೆದು ಶಾಶ್ವತ ಚೀಲ ಇಡಬೇಕಿತ್ತು. ಇಮ್ಯಾಟಿನಿಬ್ ಅನ್ನುವ ಕ್ಯಾನ್ಸರ್ ಮಾತ್ರೆ ಎಂಟು ತಿಂಗಳು ಕೊಟ್ಟರು, ಗಡ್ಡೆ ಅರ್ಧಕ್ಕೆ ಇಳಿಯಿತು. ಆಮೇಲೆ ತೆಗೆದರು, ಮಲದ್ವಾರ ಉಳಿಯಿತು. ಅಪ್ಪ ಈಗ ಹೊಲಕ್ಕೆ ಹೋಗುತ್ತಾರೆ. ಆ ಮಾತ್ರೆಯ ಕಂಪನಿ ಮಾತ್ರೆ ತಿಂಗಳಿಗೆ ಲಕ್ಷದ ಮೇಲೆ ಇತ್ತಂತೆ, 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದಿದ್ದರಿಂದ ಅಗ್ಗದ ಜೆನೆರಿಕ್ ಮಾತ್ರೆ ಉಳಿಯಿತು. ಇಲ್ಲದಿದ್ದರೆ ನಮ್ಮಂಥವರಿಗೆ ಆಗುತ್ತಿರಲಿಲ್ಲ.

ತುಂಗೆಯ_ದಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಪೂರ್ತಿ ಓದಿ ಹೇಳಿದೆ. ಓಟಿ ಸಿಸ್ಟರ್ ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ ಏನೂ ಮಾತಾಡಲಿಲ್ಲ.

ಎಂಆರ್‌ಐ ಆಯಿತು. ಅನೇಕ ಕೋಣೆಗಳಿರುವ ಸಿಸ್ಟ್, ಗಟ್ಟಿ ಭಾಗ ಇಲ್ಲ, ಮೂಳೆ ಚೆನ್ನಾಗಿದೆ, ಬೆನ್ನುಹುರಿಗೆ ಸಂಬಂಧ ಇಲ್ಲ ಅಂತ ಬಂದಿದೆ. ಟೇಲ್‌ಗಟ್ ಸಿಸ್ಟ್ ಇರಬಹುದಂತೆ. ಬೆಂಗಳೂರಿಗೆ ಹೋಗುತ್ತಿದ್ದೇವೆ. ಅಲ್ಲಿ ಏನೇನು ಕೇಳಬೇಕು? ಬಿಪಿಎಲ್ ಕಾರ್ಡ್ ಇದೆ.

ನಿವೃತ್ತ_ಸರ್ಜನ್_ಮೈಸೂರು:
ಕಾರ್ಡ್ ಇದ್ದರೆ ಮೊದಲು ನಿಮ್ಮ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಿಂದ ರೆಫರಲ್ ಪತ್ರ ತೆಗೆದುಕೊಳ್ಳಿ. ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಪತ್ರ ಇಲ್ಲದೆ ಹೋದರೆ ಅಲೆದಾಡಿಸುತ್ತಾರೆ.

ಡಾಕ್ಟರ್ ಹತ್ತಿರ ಧೈರ್ಯವಾಗಿ ಕೇಳಿ. ಇಂಥ ಗಡ್ಡೆ ಎಷ್ಟು ತೆಗೆದಿದ್ದೀರಿ? ಹೊಟ್ಟೆಯಿಂದ ಮಾಡುತ್ತೀರಾ, ಬೆನ್ನಿಂದ ಮಾಡುತ್ತೀರಾ, ಯಾಕೆ? ಬಾಲಮೂಳೆ ತೆಗೆಯುತ್ತೀರಾ? ಚೀಲ ಇಡುವ ಸಂದರ್ಭ ಬರಬಹುದಾ? ಒಳ್ಳೆಯ ಸರ್ಜನ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ದಾರಿ ಯಾವುದು ಅನ್ನುವುದಕ್ಕೆ ಹಳೆಯ ಲೆಕ್ಕ ಇದೆ. ಸೇಕ್ರಮ್ಮಿನಲ್ಲಿ ಐದು ಮಣಿ. ಗಡ್ಡೆ ಮೂರನೆಯ ಮಣಿಗಿಂತ ಕೆಳಗೇ ಇದ್ದು, ಬೆರಳಿಗೆ ಅದರ ಮೇಲ್ತುದಿ ಸಿಕ್ಕಿದರೆ ಬೆನ್ನಿಂದ. ಮೇಲಿದ್ದರೆ ಹೊಟ್ಟೆಯಿಂದ, ಈಗ ಲ್ಯಾಪ್ರೋಸ್ಕೋಪಿ, ರೋಬೋಟ್ ಎರಡರಲ್ಲೂ ಮಾಡುತ್ತಾರೆ. ಎರಡೂ ಕಡೆಗೆ ಚಾಚಿದ್ದರೆ ಎರಡೂ ದಾರಿ. ಬೆನ್ನಿನ ದಾರಿ ಹೊಸದಲ್ಲ, ಜರ್ಮನಿಯ ಪಾಲ್ ಕ್ರಾಸ್ಕೆ 1880ರ ದಶಕದಲ್ಲೇ ತೋರಿಸಿಕೊಟ್ಟಿದ್ದು. ಮೂಳೆಯೇ ಕತ್ತರಿಸಬೇಕಾದ ಕೊರ್ಡೋಮಾದಂಥ ಗಡ್ಡೆಯಾದರೆ ಮೂಳೆಯವರು, ನರದವರು, ಪ್ಲಾಸ್ಟಿಕ್ ಸರ್ಜನ್ ಎಲ್ಲಾ ಒಂದೇ ಕಡೆ ಸಿಗುವ ಕ್ಯಾನ್ಸರ್ ಆಸ್ಪತ್ರೆ ಬೇಕು. ನಿಮಗೆ ಅದು ಬೇಡ ಅನ್ನಿಸುತ್ತದೆ.

ಓಟಿ_ಸಿಸ್ಟರ್:
ಬೆನ್ನಿಂದ ಅಂದರೆ ಹೆದರಬೇಡಿ. ನಾನು ಐದಾರು ನೋಡಿದ್ದೇನೆ. ಬೋರಲು ಮಲಗಿಸಿ ಸೊಂಟದ ಹತ್ತಿರ ಟೇಬಲ್ ಮಡಿಸುತ್ತಾರೆ, ಪೃಷ್ಠವನ್ನು ಎರಡೂ ಕಡೆ ಟೇಪಿನಿಂದ ಎಳೆದು ಕಟ್ಟುತ್ತಾರೆ. ಬಾಲಮೂಳೆಯ ಹತ್ತಿರ ಒಂದು ಗೆರೆ. ಸಿಸ್ಟ್ ಅದಕ್ಕೆ ಅಂಟಿದ್ದರೆ ಬಾಲಮೂಳೆಯೂ ಜೊತೆಗೇ ಬರುತ್ತದೆ, ಅದಿಲ್ಲದೆ ನಡೆಯಲು ಏನೂ ತೊಂದರೆ ಇಲ್ಲ. ಸರ್ಜನ್ ಒಂದು ಕೈಗೆ ಎರಡು ಗ್ಲೌಸ್ ಹಾಕಿ, ಬೆರಳನ್ನು ಮಲದ್ವಾರದೊಳಗೆ ಇಟ್ಟು ಗಡ್ಡೆಯನ್ನು ಹೊರಕ್ಕೆ ದೂಡುತ್ತಾರೆ. ಕರುಳಿನ ಗೋಡೆ ಎಲ್ಲಿದೆ ಅಂತ ಆ ಬೆರಳಿಗೆ ಗೊತ್ತಾಗುತ್ತಾ ಇರುತ್ತದೆ. ಕೊನೆಗೆ ಗಾಯದಲ್ಲಿ ನೀರು ತುಂಬಿ ಕರುಳಿಗೆ ಗಾಳಿ ಬಿಡುತ್ತಾರೆ. ಗುಳ್ಳೆ ಬರದಿದ್ದರೆ ತೂತಿಲ್ಲ ಅಂತ. ಸೈಕಲ್ ಟ್ಯೂಬ್ ಪಂಕ್ಚರ್ ನೋಡುವ ಹಾಗೆಯೇ.

ತುಂಗೆಯ_ದಡ:
ಆಪರೇಷನ್ ಆಗಿ ಇವತ್ತಿಗೆ 19 ದಿನ. ಬರೆಯಲು ತಡ ಆಯಿತು, ಕ್ಷಮಿಸಿ.

ಡಾಕ್ಟರ್ ಬೆರಳಿಗೆ ಮೇಲ್ತುದಿ ಸಿಕ್ಕಿತು, ಬೆನ್ನಿಂದಲೇ ಮಾಡಿದರು. ಎರಡೂವರೆ ಗಂಟೆ. ಒಡೆಯದೆ ಇಡಿಯಾಗಿ ಬಂತು, ಬಾಲಮೂಳೆಯನ್ನೂ ತೆಗೆದರು. ನನ್ನನ್ನು, ಭಾವನನ್ನು ಕರೆದು ಟ್ರೇಯಲ್ಲಿ ತೋರಿಸಿದರು. ಮೂರನೇ ದಿನ ಮೂತ್ರದ ಪೈಪ್ ತೆಗೆದಾಗ ಮೂತ್ರ ಬರಲಿಲ್ಲ. ಅವತ್ತು ತುಂಬಾ ಹೆದರಿದೆವು, ಅಕ್ಕ ಅತ್ತೇಬಿಟ್ಟಳು. ಮತ್ತೆ ಪೈಪ್ ಹಾಕಿ ಎರಡು ದಿನ ಬಿಟ್ಟು ತೆಗೆದರು, ತಾನಾಗೇ ಬಂತು. ಹಿಡಿತ ಎಲ್ಲಾ ಸರಿಯಿದೆ. ಬಯಾಪ್ಸಿ ರಿಪೋರ್ಟ್ ನಿನ್ನೆ ಸಿಕ್ಕಿತು. ಟೇಲ್‌ಗಟ್ ಸಿಸ್ಟ್, ಕ್ಯಾನ್ಸರ್ ಇಲ್ಲ. ಮತ್ತೆ ಬರುವುದಿಲ್ಲ ಅಂತ ನೋಡಲು ವರ್ಷದ ಮೇಲೆ ಒಂದು ಎಂಆರ್‌ಐ ಹೇಳಿದ್ದಾರೆ.

ಗಾಯದ ಒಂದು ಮೂಲೆಯಲ್ಲಿ ಸ್ವಲ್ಪ ನೀರು ಬರುತ್ತಿದೆ. ನೇರ ಕೂರಲು ಆಗುವುದಿಲ್ಲ. ಊರಿಗೆ ಟ್ರೈನಿನಲ್ಲಿ ಕರೆದುಕೊಂಡು ಹೋಗಬಹುದಾ?

ಬೆಣ್ಣೆದೋಸೆ_ಊರು:
ಕೇಳಿ ತುಂಬಾ ಖುಷಿ ಆಯಿತು! ಡಾಕ್ಟರ್ ಹೂಂ ಅಂದರೆ ಟ್ರೈನೇ ಒಳ್ಳೆಯದು. ಲೋವರ್ ಬರ್ತ್ ಮಾಡಿಸಿ, ಪಕ್ಕಕ್ಕೆ ಮಲಗಿಸಿ. ನಾನು ಬಸ್ಸಿನಲ್ಲಿ ಹೋಗಿ ಹೊಲಿಗೆ ಬಿಚ್ಚಿಸಿಕೊಂಡಿದ್ದು. ಮನೆಯಲ್ಲಿ ನಡುವೆ ಸಂದಿ ಇರುವ ದಿಂಬು ತಂದುಕೊಡಿ. ಮಲ ಗಟ್ಟಿ ಆಗದ ಹಾಗೆ ನೋಡಿಕೊಳ್ಳಿ, ಅದೊಂದೇ ದೊಡ್ಡ ಕಷ್ಟ. ನೀರು ಕೀವಾದರೆ, ಜ್ವರ ಬಂದರೆ ಅವತ್ತೇ ತೋರಿಸಿ.

ತುಂಗೆಯ_ದಡ:
ಊರು ಸೇರಿದೆವು. ಗಾಯ ಒಣಗುತ್ತಿದೆ.

ಭಾವ ನಿನ್ನೆ ಒಬ್ಬರೇ ಮೊದಲಿನ ಲೇಡಿ ಡಾಕ್ಟರ್ ಹತ್ತಿರ ಹೋಗಿದ್ದರು, ರಿಪೋರ್ಟ್ ಹಿಡಿದುಕೊಂಡು. ಅವರು ಹೊರಗಿನ ಪೇಷಂಟುಗಳನ್ನು ಕಾಯಲು ಹೇಳಿ ಪೂರ್ತಿ ಓದಿದರಂತೆ. ಆಪರೇಷನ್ ನಿಲ್ಲಿಸಿದ ದಿನ ಮನೆಗೆ ಹೋದ ಮೇಲೆ ರಾತ್ರಿ ನನಗೂ ನಿದ್ದೆ ಬರಲಿಲ್ಲ ಅಂದರಂತೆ. ಆಮೇಲೆ ರಿಪೋರ್ಟಿನ ಒಂದು ಜೆರಾಕ್ಸ್ ತೆಗೆಸಿ, ಅವರು ಒಳಗೆ ತೆಗೆದಿದ್ದ ಫೋಟೋದ ಜೊತೆ ಫೈಲಿನಲ್ಲಿ ಇಟ್ಟುಕೊಂಡರಂತೆ.